ಹದಿನಾಲ್ಕು ಮನೆಯ ಬೆಲ್ಲ

೧೯೫೮ನೇ ಇಸವಿ. ಆಗ ನಾನು ಸೊರಬದಲ್ಲಿದ್ದೆ. ಹಳ್ಳಿಹಳ್ಳಿಗೆ ನಡೆದು ಹೋಗಿ, ಸಿಡುಬು ಬಾರದಂತೆ ಮಕ್ಕಳ ತೋಳಿಗೆ ದಾಕು ಹಾಕುವುದು ನನ್ನ ಕೆಲಸ. ನನಗೆ ಇಪ್ಪತ್ತೇಳು ವರ್ಷ. ಹೊಟ್ಟೆ ಮಾತ್ರ ನನಗಿಂತ ಹತ್ತು ವರ್ಷ ದೊಡ್ಡದಾಗಿ ಕಾಣುತ್ತಿತ್ತು.

ಯುಗಾದಿ ಕಳೆದ ಮೇಲೆ ಶಿಕಾರಿಪುರಕ್ಕೆ ಹೆಣ್ಣು ನೋಡಲು ಹೋದೆ. ಹುಡುಗಿ ಶಾರದೆ ಹೈಸ್ಕೂಲು ಓದಿದವಳು. ತಲೆ ತಗ್ಗಿಸುವ ಬದಲು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಮನಸ್ಸು ಅಲ್ಲೇ ಕೂತುಬಿಟ್ಟಿತು.

“ಅಪ್ಪಾ, ನಂಗೇನೋ ಒಪ್ಪಿಗೆ ಐತಿ. ಆದ್ರೆ ಇವ್ರು ಇಪ್ಪತ್ತು ಪೌಂಡ್ ತೂಕ ಇಳಿಸ್ಕೊಂಡು ಬರ್ಲಿ” ಎಂದಳು.

ಅವಳ ತಂದೆಗೆ ಅಕ್ಕಿ ಗಿರಣಿ ಇತ್ತು. ಮಗಳನ್ನು ಗದರಿಸುತ್ತಾರೆಂದುಕೊಂಡರೆ, ಆ ಪುಣ್ಯಾತ್ಮ ನನ್ನನ್ನು ಕರೆದೊಯ್ದು ಮೂಟೆ ತೂಗುವ ಕಾಟಾದ ಮೇಲೆ ನಿಲ್ಲಿಸಿದರು. ನೂರ ತೊಂಬತ್ತಾರು ಪೌಂಡು!

“ದೀಪಾವಳಿ ತನಕ ಕಾಯ್ತೀವ್ರೀ. ಆಮೇಲೆ ಬ್ಯಾರೆ ಸಂಬಂಧ ನೋಡ್ತೀವಿ” ಎಂದರು.

ಮಾರನೆಯ ದಿನದಿಂದ ರಾತ್ರಿ ಊಟ ಬಿಟ್ಟೆ, ಬೆಳಗಿನ ತಿಂಡಿಯನ್ನೂ ಬಿಟ್ಟೆ. ಒಪ್ಪೊತ್ತು ಉಂಡು ದಿನಕ್ಕೆ ಎಂಟು ಹತ್ತು ಮೈಲಿ ನಡೆಯುವವನು ಇಳಿಯದೆ ಇರುತ್ತಾನೆಯೇ? ಅಂಗಿ ಬಿಗಿಯಾದಾಗ, ನೀರಿಗೆ ಹಾಕಿದರೆ ಕುಗ್ಗುವ ಬಟ್ಟೆ ಕೊಟ್ಟನೆಂದು ಅಂಗಡಿಯವನಿಗೆ ಬೈದೆ.

ಶ್ರಾವಣದಲ್ಲಿ ಎದೆಯುಬ್ಬಿಸಿಕೊಂಡು ಕಾಟಾ ಹತ್ತಿದೆ. ಇನ್ನೂರ ಒಂದು! ಮಾವನಾಗಬೇಕಾದವರು ಕಾಟಾ ಕೆಟ್ಟಿರಬಹುದೆಂದು ಒಂದು ಅಕ್ಕಿ ಮೂಟೆ ಇಟ್ಟು ಪರೀಕ್ಷಿಸಿದರು. ಮೂಟೆಯ ತೂಕ ಸರಿಯಾಗಿಯೇ ಇತ್ತು. ನನಗೆ ಅಳು ಬರುವುದೊಂದು ಬಾಕಿ.

ಶಾರದೆ ಕೇಳಿದಳು: “ನಿನ್ನೆ ಬೆಳಗಿಂದ ಏನೇನು ತಿಂದ್ರಿ?”

“ಏನೂ ಇಲ್ಲ. ಮಧ್ಯಾಹ್ನ ಒಂದು ಊಟ.”

“ಊಟ ಬಿಡ್ರಿ. ಬಾಯಿಗೆ ಹೋಗಿದ್ದು?”

ಹಿಂದಿನ ದಿನ ಜಡೆ ಎಂಬ ಹಳ್ಳಿಗೆ ಹೋಗಿದ್ದೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಅದನ್ನು ಯಾರೂ ತಿನ್ನುವುದೆಂದು ಲೆಕ್ಕ ಹಿಡಿಯುವುದಿಲ್ಲ. ಬೇಡವೆಂದರೆ ಮನೆಯವರಿಗೆ ಅವಮಾನ. ಅವರು ಮುನಿಸಿಕೊಂಡರೆ ಮಕ್ಕಳನ್ನು ಅಟ್ಟದ ಮೇಲೆ ಬಚ್ಚಿಟ್ಟು ಬಿಡುತ್ತಾರೆ, ನನ್ನ ದಾಕು ಡಬ್ಬಿಯಲ್ಲೇ ಉಳಿಯುತ್ತದೆ. ಇದನ್ನೆಲ್ಲ ವಿವರಿಸಿದೆ.

“ಎಷ್ಟು ಮನಿ?”

“ಹದಿನಾಲ್ಕು.”

ಅವಳು ಒಳಗೆ ಹೋಗಿ ಒಂದು ಹರಿವಾಣ ತಂದಳು. ಬೆಲ್ಲದ ಚೂರುಗಳನ್ನು ಒಂದೊಂದಾಗಿ ಎಣಿಸಿ ಹದಿನಾಲ್ಕು ಇಟ್ಟಳು. ಹರಿವಾಣದ ತುಂಬ ಬೆಲ್ಲ! ನೋಡಿಯೇ ನನ್ನ ಹಲ್ಲು ಜುಂ ಎಂದಿತು.

“ಆದರೆ ಅಷ್ಟು ದೂರ ನಡೀತೀನಲ್ಲ?” ಎಂದೆ.

“ನಮ್ಮ ಗಿರಣ್ಯಾಗೂ ಅಷ್ಟೇ ರೀ. ಅದು ಅಕ್ಕಿ ಮಾಡೋದಕ್ಕಿಂತ ಜಾಸ್ತಿ ಭತ್ತ ಸುರಿದ್ರೆ ಉಳಿದದ್ದು ಅಲ್ಲೇ ಗುಡ್ಡೆ ಬೀಳ್ತೈತಿ. ನೀವು ನಡೆದು ಕರಗಿಸಿದ್ದಕ್ಕಿಂತ ಒಳಗೆ ಹೋಗಿದ್ದು ಹೆಚ್ಚಾತು.”

ಉಪಾಯವನ್ನೂ ಅವಳೇ ಹೇಳಿಕೊಟ್ಟಳು. ಅಂದಿನಿಂದ ಬೆಲ್ಲವನ್ನು ಕಣ್ಣಿಗೊತ್ತಿಕೊಂಡು ಒಂದು ಹರಳು ಬಾಯಿಗೆ ಹಾಕಿ, ಉಳಿದದ್ದನ್ನು ಆ ಮನೆಯಲ್ಲಿ ದಾಕು ಹಾಕಿಸಿಕೊಂಡ ಮಗುವಿನ ಕೈಗೇ ಕೊಡುತ್ತ ಬಂದೆ. ಮನೆಯವರಿಗೂ ಸಂತೋಷ. ಕುಪ್ಪಗಡ್ಡೆ ಎಂಬ ಹಳ್ಳಿಯಲ್ಲಂತೂ ಮಕ್ಕಳು ಅಟ್ಟದಿಂದ ತಾವಾಗಿಯೇ ಇಳಿದು ಬಂದು ತೋಳು ಚಾಚತೊಡಗಿದರು. ರಾತ್ರಿ ಎರಡು ರೊಟ್ಟಿ ತಿಂದರೂ ನನ್ನ ತೂಕ ಇಳಿಯಿತು.

ದೀಪಾವಳಿಯ ಹೊತ್ತಿಗೆ ಮತ್ತೆ ಕಾಟಾ ಹತ್ತಿದೆ. ನೂರ ಎಪ್ಪತ್ತೆಂಟು. ಇನ್ನೂ ಎರಡು ಪೌಂಡು ಹೆಚ್ಚು! ಅವಳ ತಂದೆ ಆಗದೆಂದು ತಲೆಯಾಡಿಸಿದರು.

ಬಾಗಿಲ ಹಿಂದಿನಿಂದ ಶಾರದೆಯ ದನಿ ಕೇಳಿತು: “ಅಪ್ಪಾ, ಅವ್ರ ಹೆಗಲ ಮ್ಯಾಲಿನ ಚೀಲ ತೆಗಿಸು. ಕಾಲಾಗ ಚಪ್ಪಲಿನೂ ಐತಿ.”

ಮದುವೆಯಾಗಿ ಎಷ್ಟೋ ವರ್ಷಗಳಾದವು. ಆ ದನಿ ನೆನಪಾದರೆ ಈಗಲೂ ನನ್ನ ಮೈ ಹಗುರಾಗುತ್ತದೆ. ನಾನು ಸುತ್ತಾಡಿ ಮನೆಗೆ ಬಂದರೆ ಶಾರದೆ ಮೊದಲು ತಂಬಿಗೆ ನೀರು ತಂದುಕೊಡುತ್ತಾಳೆ. ಬೆಲ್ಲದ ಡಬ್ಬಿ ಎಲ್ಲಿದೆಯೆಂದು ಮಾತ್ರ ಇವತ್ತಿನವರೆಗೂ ಹೇಳಿಲ್ಲ.