ಮೇಷ್ಟ್ರು ಸೋಸಿ ಎಸೆದ ಅಲೆಗಳು

ಕೊರಟಗೆರೆಯಿಂದ ಮಧುಗಿರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಮಹಾ? ಆ ದಿನ ಮಾತ್ರ ದಾರಿ ಇನ್ನಷ್ಟು ಉದ್ದ ಇರಬಾರದಿತ್ತೇ ಅನ್ನಿಸಿತು. ನನಗೆ ಪಿಎಚ್‌ಡಿ ಮಾಡಿಸುತ್ತಿದ್ದ ಮೇಷ್ಟ್ರು ನಿವೃತ್ತರಾಗಿ ಮಧುಗಿರಿಯಲ್ಲಿದ್ದರು. ಅವರ ಲೆಕ್ಕ ತಪ್ಪೆಂದು ಅವರಿಗೇ ಹೇಳಬೇಕಿತ್ತು. ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನಮ್ಮ ವಿಷಯ ಬಾಹ್ಯಾಕಾಶದ ಆಘಾತ ತರಂಗ. ಸೂರ್ಯನಿಂದ ಸಿಡಿದ ಕಾದ ಅನಿಲ ಭರದಿಂದ ನುಗ್ಗುವಾಗ ಅದರ ಮುಂದೆ ಅಂಥ ತರಂಗ ಏಳುತ್ತದೆ. ಅದರ ಹತ್ತಿರ ವಿದ್ಯುದಾವೇಶದ ಕಣಗಳು ಕಾಂತಕ್ಷೇತ್ರದ ಸಣ್ಣ ಸಣ್ಣ ಅಲೆಗಳಿಗೆ ಸಿಕ್ಕಿ ಚದುರುತ್ತವೆ, ತಿರುಗಿ ಬರುತ್ತವೆ, ತರಂಗವನ್ನು ಮತ್ತೆ ಮತ್ತೆ ದಾಟುತ್ತ ಶಕ್ತಿ ಗಳಿಸುತ್ತವೆ. ಅಲೆಗಳಿಲ್ಲದಿದ್ದರೆ ದೂರ ಓಡಿಹೋಗುತ್ತವೆ. ನಮ್ಮ ಲೆಕ್ಕದಲ್ಲಿ ಓಡಿಹೋಗುತ್ತಲೇ ಇದ್ದವು; ಬಾಹ್ಯಾಕಾಶ ನೌಕೆ ಅಳೆದು ಕಳಿಸಿದ ಅಂಕಿಗಳಲ್ಲಿ ತರಂಗದ ಬಳಿಯೇ ಗುಂಪುಗೂಡಿದ್ದವು. ಹಾಳಾದ್ದು ಯಾಕೆ ಹೀಗೆ ಅಂತ ತಲೆ ಕೆಟ್ಟು, ಮನೆಯವರ ಮೇಲೆಲ್ಲ ರೇಗಾಡಿದೆ.

ಕಾರಣ ಸಿಕ್ಕಿದ್ದು ಮೇಷ್ಟ್ರು ಬರೆದ ಪ್ರೋಗ್ರಾಮಿನಲ್ಲಿ. ಅಕ್ಕಿ ಬೇಯಿಸುವ ಮುಂಚೆ ಕಲ್ಲು ಆರಿಸಬೇಕು ಎನ್ನುವುದು ಅವರ ಪಾಠ. ಯಾವ ಶಿಷ್ಯ ಬಂದರೂ ಕಾಂತಕ್ಷೇತ್ರದ ಅಂಕಿಗಳನ್ನು ಮೊದಲು ಆ ಪ್ರೋಗ್ರಾಮಿನಲ್ಲಿ ಸೋಸಲೇಬೇಕು. ಅಯ್ಯೋ ಕರ್ಮವೇ, ಅದು ಕಲ್ಲೆಂದು ಎಸೆಯುತ್ತಿದ್ದದ್ದು ಕಣಗಳನ್ನು ಚದುರಿಸುವ ಆ ಸಣ್ಣ ಅಲೆಗಳನ್ನೇ! ನಾನು ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲರ ಪ್ರಬಂಧಗಳಂತೆ ನನ್ನದೂ ಪಾಸಾಗುತ್ತಿತ್ತು.

ಮೇಷ್ಟ್ರ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಸೋಸದೆ ಮಾಡಿದ ಲೆಕ್ಕದ ಗೆರೆ ನೌಕೆಯ ಗೆರೆಯ ಮೇಲೆ ಸರಿಯಾಗಿ ಕೂತಿತ್ತು. ಮೇಷ್ಟ್ರು ಕನ್ನಡಕ ಒರೆಸಿ ಮತ್ತೆ ನೋಡಿದರು. ಬೈದಿದ್ದರೆ ನಾನೂ ಜಗಳವಾಡುತ್ತಿದ್ದೆ.

"ಇಷ್ಟು ವರ್ಷ ಎಲ್ಲಾರ ಕೈಲೂ ಎಸೆಸ್ಬುಟ್ಟೆ ಕಣಮ್ಮ" ಎಂದರು.

"ಪ್ರಬಂಧದಲ್ಲಿ ನಿಮ್ಮ ಹೆಸರು ಹಾಕಲ್ಲ ಸಾರ್. ಪ್ರೋಗ್ರಾಮ್ ಬದಲಾಯಿಸಿದೆ ಅಂತಷ್ಟೇ ಬರೀತೀನಿ."

"ಅಂಗೆ ಮಾಡಿದ್ರೆ ಮಿಕ್ಕೋರ್ಗೆ ಹೆಂಗಮ್ಮ ಗೊತ್ತಾಗೋದು?" ಎಂದು ರೇಗಿ, ಅಲ್ಲೇ ತಮ್ಮ ಮೊದಲ ಶಿಷ್ಯನಿಗೆ ಫೋನ್ ಮಾಡಿದರು. ಆತ ಈಗ ದೂರದೂರಿನಲ್ಲಿ ಪ್ರೊಫೆಸರ್.

"ಸಾರ್! ನೂರು ವರ್ಷ ಆಯಸ್ಸು ನಿಮಗೆ. ಕ್ಲಾಸಲ್ಲಿ ನಿಮ್ಮ ಪ್ರೋಗ್ರಾಮೇ ಹೇಳಿಕೊಡ್ತಿದ್ದೆ" ಎಂದಿತು ಆ ಕಡೆಯ ದನಿ.

ಮೇಷ್ಟ್ರು ಲ್ಯಾಪ್‌ಟಾಪಿನ ಗೆರೆಗಳತ್ತ ಇನ್ನೊಮ್ಮೆ ನೋಡಿದರು.

"ಕೇಳಿಸ್ತಿದೆಯಾ ಸಾರ್? ಸ್ಪೀಕರ್ ಹಾಕಿದೀನಿ, ಮಕ್ಕಳಿಗೆ ನೀವೇ ಎರಡು ಮಾತು ಹೇಳಿ."

ಫೋನ್ ಕಿತ್ತುಕೊಂಡು ಕಟ್ ಮಾಡಿಬಿಡೋಣ ಅನ್ನಿಸಿತು. ಮೇಷ್ಟ್ರು ಕುರ್ಚಿಯಿಂದ ಎದ್ದು ನಿಂತರು.

"ಹೇಳ್ತೀನಪ್ಪ" ಎಂದರು. "ಎಲ್ಲಾರೂ ಬರ್ಕೊಳ್ಳಿ."