ಕಣದಲ್ಲಿ ಒಣಗಿದ ಹಾಡುಗಳು

ಹಳೇ ರೆಕಾರ್ಡ್ ಪ್ಲೇಯರ್ ರಿಪೇರಿ ಮಾಡುವ ನನಗೆ ಗಿರಾಕಿಗಳ ಮೇಲೆ ಸಿಟ್ಟು ಬರುವುದು ಅಪರೂಪ. ಆನೇಮಹಲ್ ಹತ್ತಿರದ ಆ ಕಾಫಿ ಎಸ್ಟೇಟಿನಲ್ಲಿ ಮಾತ್ರ ಮೈ ಉರಿದುಹೋಯಿತು.

"ಹೋದ ವಾರ ರಿಪೇರಿ ಮಾಡ್ಕೊಟ್ರಲ್ಲ, ಹಾಡೆಲ್ಲ ಓಲಾಡ್ತೈತೆ. ನಿಮ್ ಕೆಲಸಾನೇ ಸರಿ ಇಲ್ಲ ಕಣ್ರೀ" ಎಂದು ಸಾಹುಕಾರರು ಮನೆಗೇ ಕರೆಸಿ ಬೈದರು.

ಪ್ಲೇಯರ್ ಚೆನ್ನಾಗಿಯೇ ಇತ್ತು. ರೆಕಾರ್ಡುಗಳ ಪೆಟ್ಟಿಗೆ ತೆಗೆದು ನೋಡಿದರೆ ಎಲ್‌ಪಿ ತಟ್ಟೆಗಳೆಲ್ಲ ಕರಿದ ಹಪ್ಪಳದ ಹಾಗೆ ಸೊಟ್ಟಗಾಗಿದ್ದವು. ಅವಾದರೂ ಎಂಥವು! ಅಮೆರಿಕದ ಕಪ್ಪು ಜನ ಎದೆಬಿಚ್ಚಿ ಹಾಡಿದ ಸೋಲ್ ಮ್ಯೂಸಿಕ್. ಅದರಲ್ಲಿ ಶ್ರೇಷ್ಠ ಅನ್ನಿಸಿಕೊಂಡ ಆಲ್ಬಂಗಳನ್ನು ಸಾಹುಕಾರರ ತಾತ, ಆಮೇಲೆ ಅಪ್ಪ, ಒಂದೊಂದಾಗಿ ಹುಡುಕಿ ತಂದಿಟ್ಟಿದ್ದರು.

"ಇವಕ್ಕೇನು ಮಾಡಿದ್ರಿ ಸಾರ್?"

"ಮಳೆಗಾಲದಲ್ಲಿ ಬೂಷ್ಟು ಹಿಡಿದಿತ್ತು. ತೊಳೆಸಿ, ಕಾಫಿ ಒಣಗಿಸೋ ಕಣದಲ್ಲಿ ಎರಡು ದಿನ ಬಿಸಿಲಿಗೆ ಹರಡಿಸ್ದೆ. ಗಂಟೆಗೊಂದ್ಸಲ ತಿರುವಿ ಹಾಕ್ಸಿದೀನಿ ಮಾರಾಯ್ರೆ, ಒಂದೇ ಮಗ್ಗುಲು ಕಾಯಕ್ಕೆ ಬಿಟ್ಟಿಲ್ಲ!"

ತಿರುವಿ ಹಾಕಿಸಿದ್ದಕ್ಕೆ ಶಭಾಷ್ ಅನ್ನಬೇಕಿತ್ತೇ?

"ಇವು ಕಾಫಿ ಹಣ್ಣಲ್ಲ, ಹಾಡು! ಎರಡು ತಲೆಮಾರು ಕಾಪಾಡಿದ್ದನ್ನ ಎರಡು ದಿನದಲ್ಲಿ ಹಾಳು ಮಾಡಿಬಿಟ್ರಲ್ಲ!" ಎಂದು ಕೂಗಿಯೇಬಿಟ್ಟೆ.

"ಆಯ್ತು ಬಿಡಿ, ಈಗ್ಯಾರು ಇವನ್ನೆಲ್ಲ ಕೇಳ್ತಾರೆ" ಎಂದು ಅವರು ನಕ್ಕರು.

ಹೊರಟಾಗ ಕಾರಿನವರೆಗೂ ಬಂದು, ತಮ್ಮ ತೋಟದ ಕಾಫಿಪುಡಿಯ ಪೊಟ್ಟಣ ಕೈಗಿಟ್ಟರು. ನಾನದನ್ನು ಮುಂದಿನ ಸೀಟಿನ ಮೇಲೆ ಎಸೆಯಹೋದಾಗ ಗಾಬರಿಯಾಗಿ ಕೈಹಿಡಿದರು.

"ಅಯ್ಯಯ್ಯೋ, ಅಲ್ಲಿ ಬಿಸಿಲು ಬೀಳ್ತೈತೆ! ನೆರಳಲ್ಲಿಡಿ, ಘಮ ಎಲ್ಲ ಹೋಗ್ಬುಡ್ತೈತೆ."