ಪೂಜೆಯ ಹೊತ್ತಿನ ಗೊರಗೊರ

ಶಿರಾಳಕೊಪ್ಪದ ಮನೆಯಲ್ಲಿ, ಹವ್ಯಾಸಿಗಳು ಪರಸ್ಪರ ಮಾತಾಡುವ ನನ್ನ ಹ್ಯಾಮ್ ರೇಡಿಯೋದಲ್ಲಿ, ಬೆಳಿಗ್ಗೆ ಸೊರಬದ ಗೆಳೆಯನ ದನಿ ಬರುತ್ತಿತ್ತು. ಆ ಸುಖ ಈಗಲೂ ನೆನಪಾಗುತ್ತದೆ, ನಾನು ಮಾಡಿದ ತಪ್ಪೂ ಕೂಡ.

ಗೊರಗೊರ ಸದ್ದು ಆ ದನಿಯನ್ನು ನುಂಗತೊಡಗಿದಾಗ, ಪಕ್ಕದ ಮನೆಯ ದರ್ಜಿ ಸಾಹೇಬರ ಹೊಲಿಗೆ ಮೋಟಾರೇ ಕಾರಣವೆಂದು ರೇಗಿದೆ. ಅವರು ನಿಲ್ಲಿಸಿದರೂ ಸದ್ದು ನಿಲ್ಲಲಿಲ್ಲ. ಕದ್ದು ಓಡಿಸುತ್ತೀರಿ ಎಂದೆ.

ಕೊನೆಗೆ, ಕೇಳುವುದಕ್ಕೆಂದೇ ಇರುವ, ಬಳೆಯಾಕಾರದ ಲೂಪ್ ಆಂಟೆನಾ ಕೊಂಡೆ. ದೊಡ್ಡದನ್ನು ಬಿಟ್ಟು, ಸದ್ದಿನ ದಿಕ್ಕು ಹುಡುಕಲು ಕೈಯಲ್ಲಿ ತಿರುಗಿಸಬಹುದಾದ ಚಿಕ್ಕದನ್ನು ಆರಿಸಿದೆ. ಅದು ತೋರಿಸಿದ್ದು ಬೆಳಗಿನ ಪೂಜೆಗೆ ನಾನೇ ಹಾಕುತ್ತಿದ್ದ ಎಲ್‌ಇಡಿ ದೀಪದ ಸರವನ್ನು.

“ತಪ್ಪಾತು ಸಾಹೇಬ್ರೇ, ನಮ್ ದೇವ್ರ ದೀಪದ್ದೇ ಸದ್ದು. ಮೋಟ್ರು ಹಾಕ್ಕಳ್ರಿ” ಎಂದೆ.

“ಅದನ್ನ ಮಾರಿ ಆರ್ ತಿಂಗ್ಳಾತು. ನಿಮ್ ದೇವ್ರು ನನ್ ಕಾಲಿಗೆ ಕಸರತ್ತು ಕೊಟ್ಟ ಬಿಡ್ರೀ” ಎಂದು ನಕ್ಕು, ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿಯುತ್ತಲೇ ಹೋದರು.